ಮೊದಲ ಆಯ್ಕೆಯ ಹಲಗೆ

ಲಾರ್ಕ್‌ಫೀಲ್ಡಿನ ಮಹಾಜನರೇ, ಗೋಧಿ ಕೊಯ್ಲು ಮುಗಿಸಿ ಬಂದವರೇ, ಕೊಯ್ಲು ಮುಗಿಯದಿದ್ದರೂ ಊಟದ ವಾಸನೆ ಹಿಡಿದು ಬಂದವರೇ, ಅಧ್ಯಕ್ಷತೆ ವಹಿಸಿರುವ ಮೇಯರ್ ವಿಲ್ಮಾ ಅವರೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಭಾಷಣ ಯಾವಾಗ ಮುಗಿದೀತೆಂದು ಕಾಯುತ್ತಿರುವ ತಾಯಂದಿರೇ, ಮತ್ತು ಹೊರಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಟನ್ನೂ ಬಿಚ್ಚದೆ ಕುಳಿತಿರುವ ಇಂದಿನ ಸನ್ಮಾನಿತ, ಡೇನ್ ಓಲೆಕ್ಸಿನ್ ಅವರೇ.

ಮೈಕು ಕೆಟ್ಟಿದೆಯಂತೆ. ಕೆಡಲಿ. ಈ ಊರಿನ ಐಸ್ ಹಾಕಿ ಅಂಗಳದಲ್ಲಿ ಮೂವತ್ತು ಚಳಿಗಾಲ ಗೋಲು ಹೊಡೆದವರ ಹೆಸರು ಕೂಗಿದ ಗಂಟಲು ಇದು. ಈ ನೆಸ್ಟರ್ ಕೋವಲ್ ಕೂಗಿದರೆ ಪಕ್ಕದೂರಿನ ಹಸುಗಳು ತಲೆಯೆತ್ತುತ್ತವೆ ಎಂದು ನನ್ನ ಹೆಂಡತಿ ಐರೀನ್ ಹೇಳುತ್ತಾಳೆ.

ಸಭಿಕರೇ, ನಮ್ಮ ಮುಂದಿರುವ ಪ್ರಶ್ನೆ ಒಂದೇ. ಡೇನ್ ನಿರೀಕ್ಷೆ ಮುಟ್ಟಿದನೇ?

ಇಪ್ಪತ್ತು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ, ಇದೇ ಕಬ್ಬಿಣದ ಕುರ್ಚಿಗಳಲ್ಲಿ ಕುಳಿತು, ನಾವೆಲ್ಲ ಟೀವಿ ನೋಡಿದೆವು. ದೇಶವಿದೇಶದ ಹದಿನೆಂಟರ ಹುಡುಗರನ್ನು ಸಾಲಾಗಿ ಕೂರಿಸಿ ದೊಡ್ಡ ತಂಡಗಳು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ದಿನ ಅದು. ಮೊದಲು ಕೂಗಿದ ಹೆಸರು ಯಾರದು? ನಮ್ಮ ಡೇನ್‌ನದು. ಮೊದಲ ಆಯ್ಕೆ ಎಂದರೆ ಏನು, ಯೋಚಿಸಿ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಹಕ್ಕು. ಅಂದರೆ ಮುಳುಗುತ್ತಿರುವ ದೋಣಿಗೆ ಊರಿನ ಅತ್ಯುತ್ತಮ ಈಜುಗಾರನನ್ನು ಹತ್ತಿಸಿ, ಇವನು ಈಜುವುದೇ ಇಲ್ಲವಲ್ಲ ಎಂದು ದಡದಲ್ಲಿ ನಿಂತು ಗೊಣಗುವುದು.

ಆ ವಾರವೇ ಹೆದ್ದಾರಿಯ ಪಕ್ಕ ಹಲಗೆ ಎದ್ದಿತು. ದಪ್ಪ ಪ್ಲೈವುಡ್, ಕೆಂಪು ಅಕ್ಷರ. 'ಹಾಕಿಯ ನಾಳೆಯ ಚಕ್ರವರ್ತಿ ಡೇನ್ ಓಲೆಕ್ಸಿನ್‌ನ ಹುಟ್ಟೂರು.' ಹುಡುಗ ಇನ್ನೂ ಆ ತಂಡದ ಅಂಗಿಯನ್ನೂ ತೊಟ್ಟಿರಲಿಲ್ಲ. ಆ ಒಕ್ಕಣೆಯನ್ನು ನಿರ್ಧರಿಸಿದ್ದು ಒಂದು ಸಮಿತಿ. ಸಮಿತಿಯಲ್ಲಿ ಯಾರಿದ್ದರು ಎಂಬುದು ಈಗ ಮುಖ್ಯವಲ್ಲ. "ಚಕ್ರವರ್ತಿ ಅನ್ನೋ ಮಾತು ಈ ಊರಲ್ಲಿ ಒಂದೇ ಬಾಯಿಂದ ಬರೋದು ಕಣ್ರೀ" ಎಂದು ಐರೀನ್ ಅಂದೇ ಹೇಳಿದ್ದಳು. ಇರಲಿ.

ಮುಂದಿನದು ನಿಮಗೆ ಗೊತ್ತು. ಎರಡನೆಯ ವರ್ಷ ಅಂಗಳದ ಗೋಡೆಗೆ ಬಡಿದು ಮೊಣಕಾಲು ಹೋಯಿತು. ಹೊಲಿದರು, ಮತ್ತೆ ಹೋಯಿತು. ಒಂದಷ್ಟು ಗೋಲು ಹೊಡೆದ, ಒಳ್ಳೆಯವೇ ಹೊಡೆದ. ಆಮೇಲೆ ಮನೆಗೆ ಬಂದ. ಈಗ ನಮ್ಮ ಮಕ್ಕಳ ಶಾಲಾ ಬಸ್ಸು ಓಡಿಸುತ್ತಾನೆ, ಸಂಜೆ ಆ ಮಕ್ಕಳಿಗೇ ಸ್ಕೇಟು ಕಟ್ಟಿಕೊಂಡು ಹಾಕಿ ಕಲಿಸುತ್ತಾನೆ. ಆದರೆ ಆ ಬಸ್ಸು ಹಲಗೆಯ ಹೆದ್ದಾರಿ ಬಿಟ್ಟು ಜಲ್ಲಿ ರಸ್ತೆಯಲ್ಲಿ ಸುತ್ತಿಕೊಂಡು ಬರುತ್ತದಲ್ಲ, ಯಾಕೆ ಎಂದು ಯಾರಾದರೂ ಕೇಳಿದಿರಾ?

ಕೇಳಲಿಲ್ಲ. ನಾವು ಕಾಫಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತಿದ್ದೆವು. "ಮೊದಲ ಆಯ್ಕೆಯಂತೆ. ಅದೇ ವರ್ಷ ಕೊನೆಗೆಲ್ಲೋ ಆಯ್ಕೆಯಾದೋನು ಇವನ ಎರಡರಷ್ಟು ಗೋಲು ಹೊಡ್ದ" ಎಂದ ನಮ್ಮ ಲಾರ್ನ್. ನಾನೆಂದೆ, "ಲಾರ್ನ್, ಮದುವೆ ದಿನ ನಿನ್ನ ಹೆಂಡ್ತಿಗೆ ಏನೇನು ಮಾತು ಕೊಟ್ಟಿದ್ದೆ, ನಂಗೆ ನೆನಪಿದೆ. ಗಟ್ಟಿಯಾಗಿ ಹೇಳಲಾ?" ಲಾರ್ನ್ ಕಾಫಿ ಕುಡಿದ.

ನನ್ನನ್ನೂ ಒಂದು ಕಾಲದಲ್ಲಿ ನಗರದ ತಂಡದವರು ಆಟದ ಪರೀಕ್ಷೆಗೆ ಕರೆದಿದ್ದರು. ಮರುದಿನವೇ ವಾಪಸು ಬಸ್ಸು ಹತ್ತಿಸಿದರು. ಅಪ್ಪ ನಿಲ್ದಾಣಕ್ಕೆ ಬಂದಿದ್ದ. ಫ್ಲಾಸ್ಕಿನಿಂದ ಬಿಸಿ ಬೀಟ್‌ರೂಟ್ ಸೂಪು ಬಗ್ಗಿಸಿಕೊಟ್ಟ. ನನಗಾಗಿ ಯಾರೂ ಹಲಗೆ ಬರೆದಿರಲಿಲ್ಲ, ಹಾಗಾಗಿ ಊರೊಳಗೆ ತಲೆಯೆತ್ತಿ ನಡೆದೆ. ಆದರೂ ಡೇನ್‌ನ ಹೆಸರು ಬಳಿಯುವಾಗ ಏಣಿಯ ಮೇಲೆ ನಾನು ಒಂದೊಂದಕ್ಷರಕ್ಕೂ ಎರಡೆರಡು ಸಲ ಬಣ್ಣ... ಅದು ಬಿಡಿ. ಅದು ಇಲ್ಲಿ ಅಪ್ರಸ್ತುತ.

ಹೋದ ತಿಂಗಳ ಗಾಳಿಗೆ ಹಲಗೆ ಬಿತ್ತು. ಮತ್ತೆ ಬಣ್ಣ ಬಳಿದು ಈ ಸಮಾರಂಭದಲ್ಲೇ ಅನಾವರಣ ಮಾಡಬೇಕೆಂದು ಸಮಿತಿ ತೀರ್ಮಾನಿಸಿತು. ನಿನ್ನೆ ಡೇನ್ ನನ್ನ ಗ್ಯಾರೇಜಿಗೆ ಬಂದ. "ನೆಸ್ಟರ್ ಮಾಮ, ಗಾಳಿ ಒಂದು ಒಳ್ಳೆ ಕೆಲಸ ಮಾಡಿದೆ. ಅದನ್ನ ಮತ್ತೆ ಎತ್ತಿ ನಿಲ್ಲಿಸಿದ್ರೆ ನಾನು ಪಕ್ಕದೂರಿನ ಮಕ್ಕಳಿಗೆ ಕಲಿಸೋಕೆ ಹೋಗ್ತೀನಿ. ಅವ್ರು ಕೇಳಿದಾರೆ" ಎಂದ. ಕೋಪದಿಂದಲ್ಲ. ಕೋಪದಿಂದ ಹೇಳಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ.

ಕೇಳಿದಿರಾ, ಸಭಿಕರೇ? ಹಲಗೆ ನಿಂತರೆ ಡೇನ್ ಹೋಗುತ್ತಾನೆ. ನಮ್ಮ ಮಕ್ಕಳ ತಂಡಕ್ಕೆ ಗುರುವಿಲ್ಲ. ಅದಕ್ಕೇ ಅವನು ಕೋಟು ಬಿಚ್ಚಿಲ್ಲ.

ಆ ಮಾತು ಕೇಳಿದ ಮೇಲೆ ನನಗೆ ಅವನ ಅಜ್ಜಿ ಓಲ್ಗಾ ನೆನಪಾದಳು. ಆಯ್ಕೆಯ ದಿನ ನಗರದಿಂದ ಬಂದ ವರದಿಗಾರ ಆಕೆಯ ಮುಂದೆ ಮೈಕು ಹಿಡಿದು, ಮೊಮ್ಮಗನಿಂದ ಏನು ನಿರೀಕ್ಷಿಸುತ್ತೀರಿ ಎಂದು ಕೇಳಿದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಕಿ ಆಡ್ತಾನೆ, ಆಡ್ಲಿ ಬಿಡಪ್ಪಾ. ಬೇಸಿಗೇಲಿ ಮನೆಗೆ ಬಂದು ಆಲೂಗಡ್ಡೆ ಅಗೀಬೇಕು. ನನ್ನ ಸೊಂಟ ಬಗ್ಗಲ್ಲ."

ಬಂದನೇ? ಬಂದ. ದೊಡ್ಡ ತಂಡದಲ್ಲಿ ಆಡುತ್ತಿದ್ದಾಗಲೂ ಬಂದ. ಮೊಣಕಾಲಿಗೆ ಪಟ್ಟಿ ಬಿಗಿದಿದ್ದ ವರ್ಷವೂ ಬಂದು, ಬಕೆಟ್ಟು ಬೋರಲು ಹಾಕಿ ಕೂತು ಅಗೆದ. ಅಜ್ಜಿ ಹೋದ ಮೇಲೂ ಅಗೆಯುತ್ತಿದ್ದಾನೆ. ಇವತ್ತು ನಿಮ್ಮ ತಟ್ಟೆಗೆ ಬೀಳುವ ಕಡುಬಿನೊಳಗಿನ ಆಲೂಗಡ್ಡೆ ಯಾರ ಹೊಲದ್ದು, ಅಡುಗೆಮನೆಯಲ್ಲಿ ಕೇಳಿ. ಡೇನ್‌ನಿಂದ ಏನನ್ನಾದರೂ ನಿರೀಕ್ಷಿಸುವ ಹಕ್ಕಿದ್ದವಳು ಓಲ್ಗಾ ಅಜ್ಜಿ ಒಬ್ಬಳೇ. ಆ ನಿರೀಕ್ಷೆ ಮುಟ್ಟಿದೆ, ಮುಟ್ಟಿ ಮಿಕ್ಕಿದೆ. ಹಲಗೆಯ ಮೇಲಿನ ಮಾತು? ಅದನ್ನು ಕೊಟ್ಟವನು ಡೇನ್ ಅಲ್ಲ. ಬಣ್ಣದ ಡಬ್ಬಿ ಹಿಡಿದವನು.

ಅಧ್ಯಕ್ಷರಿಗೆ ವಂದನೆ. ಅಡುಗೆಮನೆಗೆ ದೊಡ್ಡ ವಂದನೆ. ಈ ಗಂಟಲನ್ನು ಸಹಿಸಿದ ನಿಮ್ಮ ಕಿವಿಗಳಿಗೂ.

ಕೊನೆಯದೊಂದು. ಐಸ್ ಅಂಗಳದಲ್ಲಿ ಬಲಗಡೆಯ ಗೋಲಿನ ಹಿಂದೆ ಮರದ ಗೋಡೆ ಸೀಳಿಹೋಗಿದೆ, ಕೇಳಿದರೆ ಪ್ಲೈವುಡ್ ಇಲ್ಲವೆನ್ನುತ್ತಾರೆ. ಇದೆ. ನನ್ನ ಗ್ಯಾರೇಜಿನಲ್ಲಿ ಬಿದ್ದಿದೆ. ನಾಳೆ ಬೆಳಿಗ್ಗೆ, ಮಕ್ಕಳ ಅಭ್ಯಾಸಕ್ಕೆ ಮುಂಚೆ, ಸುತ್ತಿಗೆ ಹಿಡಿದು ಹೋಗಿ ಆ ಹಲಗೆಯನ್ನು ಅಲ್ಲಿಗೆ ಜಡಿಯುತ್ತೇನೆ, ಅಕ್ಷರಗಳು ಅಂಗಳದ ಕಡೆಗೆ. ಇಪ್ಪತ್ತು ವರ್ಷ ಅದು ಒಬ್ಬನಿಗೆ ಪೆಟ್ಟು ಕೊಟ್ಟಿದೆ, ಇನ್ನು ತಾನೂ ತಿನ್ನಲಿ. ವಸಂತದಲ್ಲಿ ಐಸ್ ಕರಗುವ ಹೊತ್ತಿಗೆ ನಮ್ಮ ಮಕ್ಕಳ ಹಾಕಿ ಹೊಡೆತಕ್ಕೆ ಒಂದಕ್ಷರವೂ ಉಳಿಯಬಾರದು. ಮೊದಲ ಹೊಡೆತ ಡೇನ್‌ನದು. ಲಾರ್ನ್, ನಿನ್ನ ಟ್ರಕ್ಕು ತಾ. ಡೇನ್, ನಗುತ್ತಿದ್ದೀಯ, ಸರಿ. ಆ ಕೋಟು ಬಿಚ್ಚಪ್ಪಾ, ಕಡುಬು ಬಂತು.

ಎಲ್ಲರಿಗೂ ನಮಸ್ಕಾರ. ನಾಳೆ ಏಳು ಗಂಟೆಗೆ ನಾನು ಐಸ್ ಅಂಗಳದಲ್ಲಿರುತ್ತೇನೆ.