ಪರದೆಯ ಮೂಲೆಯ ಜಾಹೀರಾತು

ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಆನ್‌ಲೈನ್ ಜಾಹೀರಾತು ಕಂಪನಿಯೊಂದರ ಕಾರ್ಡು ಕೊರಳಿಗೆ ಹಾಕಿಕೊಂಡ ಇಬ್ಬರಿದ್ದರು: ನಡುವಯಸ್ಸಿನ ಮ್ಯಾನೇಜರು, ಹೊಸದಾಗಿ ಸೇರಿದಂತಿದ್ದ ಹುಡುಗಿ.

“ಗಿರಾಕಿಗಳ ಎದುರಿಗೆ, ಅಷ್ಟು ದೊಡ್ಡ ಪರದೆ ಮೇಲೆ, ಎದುರಾಳಿ ಕಂಪನಿಯ ‘ನಮ್ಮಲ್ಲಿ ಕೆಲಸಕ್ಕೆ ಬನ್ನಿ’ ಜಾಹೀರಾತು. ಯಜಮಾನ್ರು ಕೆಂಡ ಆಗಿದ್ದಾರೆ.”

“ನಾನೂ ನೋಡಿದೆ ಸರ್.”

“ಅದು ಯಾರಿಗೆ ಕಾಣುತ್ತೆ? ಮೊದಲ ವಾರವೇ ಹೇಳಿಕೊಟ್ಟಿದ್ದೆ.”

“ಅವರ ಪೇಜಲ್ಲಿ ಕೆಲಸ ಹುಡುಕಿದವರಿಗೆ. ಆಮೇಲೆ ಯಾವ ಪೇಜು ತೆರೆದ್ರೂ ಅದು ಬೆನ್ನು ಬಿಡಲ್ಲ.”

“ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಆಗಲೇ ರೆಕ್ಕೆ ಬಂತಾ?”

“ನಾನು ಹುಡುಕಿಲ್ಲ ಸರ್.”

“ಮತ್ತೆ ನಮ್ಮ ತಾತ ಹುಡುಕಿದ್ನಾ? ಗಿರಾಕಿಗಳಿಗೆ ಪೇಜು ತೆಗೆದು ತೋರಿಸಿದ್ದು ನೀನು. ಯಜಮಾನ್ರು ಹೆಸರು ಕೇಳ್ತಿದ್ದಾರೆ. ಈಗ ಹೋಗಿ ನಿನ್ನ ಹೆಸರೇ ಹೇಳ್ತೀನಿ.”

ಹುಡುಗಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತ್ತು ಸರ್. ನೀವು ಗಿರಾಕಿಗಳನ್ನ ಕರ್ಕೊಂಡು ಬರೋಕೆ ಕೆಳಗೆ ಹೋಗಿದ್ರಿ. ಟೇಬಲ್ ಮೇಲೆ ತೆರೆದಿದ್ದ ನಿಮ್ಮ ಲ್ಯಾಪ್‌ಟಾಪನ್ನೇ ತಂದು ಪರದೆಗೆ ಹಾಕಿದೆ.”

ಲಿಫ್ಟಿನ ಬಾಗಿಲು ತೆರೆಯಿತು. ಇಬ್ಬರೂ ಕದಲಲಿಲ್ಲ.

“ಯಾರಿಗಾದ್ರೂ ಹೇಳಿದ್ಯಾ?”

“ಇನ್ನೂ ಇಲ್ಲ.”

“ನೀನು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಾಮ್ಮ. ಮೊದಲು ನಾನೊಬ್ಬನೇ ಮಾತಾಡ್ತೀನಿ.”

“ಬೇಡ ಸರ್, ಜೊತೆಗೇ ಹೋಗೋಣ.”

ಅವಳೇ ಮೊದಲು ಒಳಗೆ ಹೋಗಿ, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಮ್ಯಾನೇಜರೂ ಹತ್ತಿದರು. ಜಾಗವಿತ್ತು, ನಾನು ಹತ್ತಲಿಲ್ಲ.