‘ಮುಟ್ಟಬೇಡಿ’ ಎಂದು ಬರೆದವನು

ಕ್ಲೌಡ್ ಖರ್ಚು ಇಳಿಸಿಕೊಡುವ ಸಲಹೆಗಾರನ ಕಚೇರಿಯ ಸ್ವಾಗತಕಾರಿಣಿಗೆ ಗೋಡೆಯಾಚೆ ಇರುವೆ ಆಕಳಿಸಿದರೂ ಕೇಳಿಸುತ್ತಿತ್ತು. ಇನ್ನು ಎದುರಿಗೆ ಕೂತ ಕಂಪನಿ ಮಾಲೀಕ ಮತ್ತವನ ಭಾವಮೈದುನನ ಪಿಸುಮಾತು ಯಾವ ಲೆಕ್ಕ?

“ನಲವತ್ತು ಸರ್ವರ್ ಬಾಡಿಗೆಗೆ ಹಿಡಿದಿದ್ದೀವಲ್ಲ, ನಿಜವಾಗ್ಲೂ ಬೇಕಾದ್ದು ಎಷ್ಟೋ?”

“ಗೊತ್ತಿಲ್ಲ ಭಾವ.”

“ಬೇಡದ್ದನ್ನ ಆಫ್ ಮಾಡೋ ಪುಣ್ಯಾತ್ಮ! ಹಗಲೂ ರಾತ್ರಿ ಮೀಟರ್ ಓಡ್ತಿದೆ. ಇನ್ನೊಂದು ಬಿಲ್ ಬಂದ್ರೆ ಕಂಪನಿಗೆ ಬೀಗಾನೇ.”

“ಅವನ್ನೆಲ್ಲ ನೋಡ್ಕೊಳ್ತಿದ್ದವನು ಎಲ್ಲದಕ್ಕೂ ‘ಮುಟ್ಟಬೇಡಿ’ ಅಂತ ಬರೆದಿಟ್ಟಿದ್ದಾನೆ.”

“ಹಾಗಾದ್ರೆ ಬರೆದವನನ್ನೇ ಕೇಳು!”

“ಖರ್ಚು ಉಳಿಸೋಕೆ ಅಂತ ಮೊದಲು ಅವನನ್ನೇ ಕೆಲಸದಿಂದ ತೆಗೆದ್ರಲ್ಲ ನೀವು.”

“ಈಗೆಲ್ಲಿದ್ದಾನೆ ಮಹಾನುಭಾವ?”

“ಈ ಬಾಗಿಲ ಹಿಂದೆ. ಅವನೇ ಈ ಸಲಹೆಗಾರ.”

ಮಾಲೀಕನ ಬಾಯಿ ಬಾವಿಯಷ್ಟು ತೆರೆಯಿತು. ಜೊತೆಗೇ ಬಾಗಿಲೂ ತೆರೆಯಿತು. ಇಬ್ಬರೂ ಎದ್ದರು.

“ಕ್ಷಮೆ ಹೊಸ್ತಿಲಲ್ಲೇ ಕೇಳಿಬಿಡಿ ಭಾವ. ಒಳಗೆ ಕಾಲಿಟ್ರೆ ಇವನ ಮೀಟರ್ರೂ ಓಡುತ್ತೆ.”