ಸೋಮವಾರದ ಅಳತೆ

ಅಧ್ಯಕ್ಷರ ಕುರ್ಚಿಯನ್ನು ತುಂಬಿರುವ ಗುರುಲಿಂಗಯ್ಯನವರೇ, ವೇದಿಕೆಯ ಹಿರಿಯರೇ, ಚಿತ್ತಾಪುರದ ನನ್ನ ಸಭಿಕರೇ, ಮುಂದಿನ ಚಾಪೆಯಲ್ಲಿ ಆಗಲೇ ಆಕಳಿಸುತ್ತಿರುವ ಮಕ್ಕಳೇ,

ಈ ಕನ್ಯಾಶಾಲೆಗೆ ಹದಿನೆಂಟು ವರ್ಷ ಸಮವಸ್ತ್ರ ಹೊಲಿದುಕೊಟ್ಟ ಕಮರುನ್ನೀಸಾ ಆಪಾ ಅವರ ಸನ್ಮಾನಕ್ಕೆ ಎರಡು ಮಾತು ಆಡಿ ಎಂದಿದ್ದಾರೆ. ಎರಡೇ ಆಡುತ್ತೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರರು 'ಬಿ ಬ್ರೀಫ್, ಬಿ...' ಎನ್ನುತ್ತಿದ್ದರು. ಮುಂದಿನದು ಮರೆತಿದೆ.

ಹತ್ತು ವರ್ಷದ ಹಿಂದೆ, ಎಪ್ಪತ್ನಾಲ್ಕರಲ್ಲಿ, ನನ್ನ ಮಗಳು ವಿಮಲಾಬಾಯಿಯ ಹೊಟ್ಟೆ ನೀರು ತುಂಬಿ ಉಬ್ಬಿತು. ಮದ್ರಾಸಿನ ಕಡೆಯ ದೊಡ್ಡ ದವಾಖಾನೆಯಲ್ಲಿ ಹೇಳಿದರು: ಲಿವರಿನಿಂದ ರಕ್ತ ಹೊರಗೆ ಹರಿಯುವ ನಾಳಗಳಲ್ಲಿ ಹೆಪ್ಪು ಕಟ್ಟಿದೆ, ಲಕ್ಷಕ್ಕೊಬ್ಬರಿಗೂ ಬಾರದ ರೋಗ. ಆಪರೇಶನ್ ಮಾಡಿ ರಕ್ತಕ್ಕೆ ಬೇರೆ ದಾರಿ ಕೊಟ್ಟರು. ಹೊರಡುವಾಗ ಡಾಕ್ಟರು, 'ದೇರ್ ಈಸ್ ರಿಸ್ಕ್ ಆಫ್ ರಿಕರೆನ್ಸ್' ಎಂದರು. ನಾನು 'ಯೆಸ್ ಯೆಸ್, ಥ್ಯಾಂಕ್ಯೂ' ಎಂದೆ! ವಾಡಿ ಸ್ಟೇಶನ್ ಬರುವ ಹೊತ್ತಿಗೆ ಅರ್ಥವಾಯಿತು: ರೋಗ ಮತ್ತೆ ಬರಬಹುದು.

ಗುಳಿಗೆ ತಪ್ಪಿಸಬಾರದು, ವಾರಕ್ಕೊಮ್ಮೆ ಹೊಟ್ಟೆಯ ಸುತ್ತಳತೆ ನೋಡಬೇಕು, ಏರಿದರೆ ಕೂಡಲೇ ಬರಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ನನ್ನ ಹೆಂಡತಿ ಶಿವಕಾಂತಮ್ಮ ತೀರಿಕೊಂಡು ಆಗಲೇ ಆರು ವರ್ಷ. ಬೆಳೆದ ಮಗಳ ಹೊಟ್ಟೆಗೆ ತಂದೆ ಟೇಪು ಹಿಡಿಯುವುದು ಹೇಗೆ? ಪಕ್ಕದ ಮನೆಯ ಆಪಾ ಅಂದರು, 'ನಾ ಇದ್ದೀನಲ್ರಿ ಮಾಸ್ತರ್. ಊರ ಹುಡುಗೀರ್ನೆಲ್ಲಾ ಅಳೀತೀನಿ, ಇಕಿ ಒಬ್ಬಾಕಿ ನಂಗ ಭಾರಾನಾ?' ಅಂದಿನಿಂದ ಪ್ರತಿ ಸೋಮವಾರ ಅಳತೆ. ಒಳಬಾಗಿಲ ಹಿಂದೆ ಸೀಮೆಸುಣ್ಣದ ಅಂಕಿ, ಇಂಚಿನ ಲೆಕ್ಕ. ಇಪ್ಪತ್ತೆಂಟು. ಇಪ್ಪತ್ತೆಂಟು. ನಾಲ್ಕು ವರ್ಷ ಇಪ್ಪತ್ತೆಂಟು.

ಎಪ್ಪತ್ತೆಂಟರಲ್ಲಿ ಒಂದು ಸೋಮವಾರ ಮೂವತ್ತಾಯಿತು. ಬುಧವಾರ ಶಹಾಬಾದಿನಿಂದ ಹೆಣ್ಣು ನೋಡಲು ಬರುವವರಿದ್ದರು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. 'ಹೋಳಿಗಿ ಉಂಡಾಳ, ಅದಕ್ಕ' ಎಂದೆ. ಆ ಅಂಕಿಯನ್ನು ಧೋತರದ ಚುಂಗಿನಿಂದ ನಾನೇ ಒರೆಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಹೊರಬಾಗಿಲ ಮೇಲೆ, ಬೀದಿಗೆಲ್ಲ ಕಾಣುವಂತೆ, ಗೇಣುದ್ದ ಬರೆದಿದೆ: ಮೂವತ್ತು! ಆಪಾ ಅಲ್ಲೇ ನಿಂತಿದ್ದರು. 'ಒರಸ್ರಿ ಮಾಸ್ತರ್, ಒರಸ್ರಿ. ನನ್ನ ಬಲ್ಲಿ ಬರಿಯೋ ಸುಣ್ಣದ ಖಡು ಭಾಳ ಅವ. ಅಂಕಿ ಒರಸಿದ್ರ ಹೊಟ್ಟಿ ಇಳೀತದೇನ್ರಿ? ನೋಡೋರು ಇವರಲ್ಲಾಂದ್ರ ಇನ್ನೊಬ್ರು ಬರ್ತಾರ. ಹೋದ ಪೋರಿ ಬರ್ತಾಳೇನು? ಟ್ರಂಕ್ ತುಂಬೀನಿ, ಏಳ್ರಿ.'

ಆ ಮಧ್ಯಾಹ್ನವೇ ವಾಡಿಯಲ್ಲಿ ರೈಲು ಹತ್ತಿದೆವು. ಮೊದಲ ಆಪರೇಶನ್ನಿನಲ್ಲಿ ರಕ್ತಕ್ಕೆ ಮಾಡಿಕೊಟ್ಟಿದ್ದ ದಾರಿಯೇ ಕಟ್ಟಿಕೊಳ್ಳುತ್ತಿತ್ತು. 'ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು' ಎಂದರು ಡಾಕ್ಟರು. ಎರಡನೇ ಆಪರೇಶನ್ ಆಯಿತು. ಮಗಳು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಶಹಾಬಾದಿನವರು ಮತ್ತೆ ಈ ಕಡೆ ಸುಳಿಯಲಿಲ್ಲ, ಅವರಿಗೂ ಒಳ್ಳೆಯದಾಗಲಿ.

ಸಭಿಕರೇ, ಅಂಕಿ ಒರೆಸಿದವನು, ಅಂಕಿ ಬರೆದವರು, ಇಬ್ಬರಲ್ಲಿ ಗೆದ್ದವರು ಯಾರು? ನಾನಂತೂ ಅಲ್ಲ. ಇಂದು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಆಪಾಗೆ ಶಾಲು ಹೊದಿಸುವವಳು ನನ್ನ ಅದೇ ಮಗಳು! ಚಪ್ಪಾಳೆ ತಟ್ಟಿ, ಸೇಡಮಿನ ತನಕ ಕೇಳಲಿ!

ರೋಗ ಮತ್ತೆ ಬಾರದೇ? ಬರಬಹುದು. ರಿಸ್ಕ್ ಈಸ್ ರಿಸ್ಕ್. ಆದರೆ ಆರು ವರ್ಷದಿಂದ ಮತ್ತೆ ಅದೇ ಇಪ್ಪತ್ತೆಂಟು.

ಕೊರಳಲ್ಲಿನ ಟೇಪು ತೆಗೆದು ವೇದಿಕೆಗೆ ಬನ್ನಿ ಎಂದು ಕಾರ್ಯದರ್ಶಿಗಳು ಆಪಾಗೆ ಹೇಳಿದ್ದು ನನಗೆ ಕೇಳಿಸಿತು. ತೆಗೆಸಬೇಡಿ. ಶಾಲು ಅದರ ಮೇಲೆಯೇ ಬೀಳಲಿ. ಇವತ್ತು ಸೋಮವಾರ, ಅಳತೆ ಇನ್ನೂ ಆಗಿಲ್ಲ.

ಮುದುಕನ ಮಾತನ್ನು ತಾಳಿಕೊಂಡಿರಿ, ಉಪಕಾರ. ಆಪಾ, ಮೊದಲು ನಿಮಗೆ, ಆಮೇಲೆ ಎಲ್ಲರಿಗೂ ನನ್ನ ನಮಸ್ಕಾರ.